ಹದಿನೆಂಟು ಬೆಳ್ಳಕ್ಕಿ, ಒಂದು ತಿರುಗುವ ತಟ್ಟೆ: ಚಲನಶಿಲ್ಪವೊಂದರ ನಿರ್ಮಾಣ ಟಿಪ್ಪಣಿ

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನಲ್ಲಿ ಅಮೆರಿಕದ ಶಿಲ್ಪಿ ಗ್ರೆಗರಿ ಬರ್ಸಾಮಿಯನ್ 1996ರಲ್ಲಿ ರೂಪಿಸಿದ ‘ಫೆರಲ್ ಫೌಂಟ್’ ಎಂಬ ಕೃತಿಯಿದೆ. ಅದರಲ್ಲಿ 97 ಬಿಡಿ ಶಿಲ್ಪಗಳನ್ನು ಹೊತ್ತ ಚೌಕಟ್ಟು ಕತ್ತಲಲ್ಲಿ ತಿರುಗುತ್ತಿರುತ್ತದೆ. ಆ ವೇಗಕ್ಕೆ ಹೊಂದಿಕೊಂಡು ಸ್ಟ್ರೋಬ್ ದೀಪ ಮಿಂಚುವುದರಿಂದ ನೋಡುವವರಿಗೆ ತಿರುಗಾಟ ಕಾಣುವುದೇ ಇಲ್ಲ, ಬೀಳುತ್ತ ಬೀಳುತ್ತಲೇ ಬೇರೆ ವಸ್ತುಗಳಾಗಿ ಮಾರ್ಪಡುವ ಹನಿ ಮಾತ್ರ ಕಾಣುತ್ತದೆ. ಟೋಕಿಯೊದ ಐಸಿಸಿ (ಇಂಟರ್‌ಕಮ್ಯುನಿಕೇಶನ್ ಸೆಂಟರ್) ಕಲಾಕೇಂದ್ರದಲ್ಲಿರುವ 1997ರ ‘ಜಗ್ಲರ್’, ಟಾಸ್ಮೇನಿಯಾದ ಮೋನಾ ವಸ್ತುಸಂಗ್ರಹಾಲಯದಲ್ಲಿರುವ ‘ಆರ್ಟಿಫ್ಯಾಕ್ಟ್’ ಕೂಡ ಇದೇ ತತ್ತ್ವದ ಕೃತಿಗಳು. ಇಲ್ಲಿ ಪರದೆಯೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಎದುರಿಗಿರುವ ಗಟ್ಟಿ ವಸ್ತುವೇ ಜೀವ ಬಂದಂತೆ ಅಲುಗಾಡುತ್ತದೆ, ಮುಟ್ಟಲು ಹೋದರೆ ಮಾತ್ರ ಬೆರಳಿಗೆ ಪೆಟ್ಟು ತಪ್ಪದು.

ಈ ಕಲ್ಪನೆಗೆ ವಯಸ್ಸಾಗಿದೆ. ಸೀಳುಗಳಿರುವ ಉರುಳೆಯೊಳಗೆ ಚಿತ್ರಪಟ್ಟಿಯನ್ನು ಇಟ್ಟು ತಿರುಗಿಸುವ ಯಂತ್ರವನ್ನು ವಿಲಿಯಂ ಜಾರ್ಜ್ ಹಾರ್ನರ್ 1834ರಲ್ಲಿ ವಿವರಿಸಿದ. ಮುಂದೆ ಅದಕ್ಕೆ ಝೋಟ್ರೋಪ್ ಎಂಬ ಹೆಸರು ನಿಂತಿತು. ಚಿತ್ರಗಳ ಜಾಗದಲ್ಲಿ ಶಿಲ್ಪಗಳನ್ನು ಇಡುವ ಕೆಲಸವನ್ನು ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮರೇ 1887ರಲ್ಲಿ ಮಾಡಿದ: ಹಾರುವ ಕಡಲಹಕ್ಕಿಯ ಒಂದೊಂದು ಭಂಗಿಯನ್ನೂ ಮೂರು ಆಯಾಮದ ಮಾದರಿಯಾಗಿಸಿ ದೊಡ್ಡ ಝೋಟ್ರೋಪಿನಲ್ಲಿ ಜೋಡಿಸಿದ್ದ. ಅವನಿಗೆ ಬೇಕಾಗಿದ್ದದ್ದು ಕಲೆಯಲ್ಲ, ರೆಕ್ಕೆ ಬಡಿತದ ಲೆಕ್ಕ. ನಾನು ಮೇಜಿನ ಮೇಲೆ ಕೂರುವಂತೆ ಕಟ್ಟಿಕೊಂಡ ಯಂತ್ರ ವಸ್ತುವಿನಲ್ಲಿ ಮರೇಗೂ ಬೆಳಕಿನ ವಿಧಾನದಲ್ಲಿ ಬರ್ಸಾಮಿಯನ್ನರಿಗೂ ಋಣಿ. ಹಕ್ಕಿ ಮಾತ್ರ ನಮ್ಮದು: ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಹುಳು ಹೆಕ್ಕುತ್ತ ಬರುವ ಬೆಳ್ಳಕ್ಕಿ. ಅದನ್ನು ಆರಿಸಿದ್ದಕ್ಕೆ ಅಂದಕ್ಕಿಂತ ಮುಖ್ಯವಾದ ಕಾರಣ ಅದರ ಬಿಳುಪು; ಏಕೆ ಎಂಬುದು ಬೆಳಕಿನ ಲೆಕ್ಕಕ್ಕೆ ಬಂದಾಗ ತಿಳಿಯುತ್ತದೆ.

ವಿನ್ಯಾಸ

ತಟ್ಟೆಯ ವ್ಯಾಸ 58 ಸೆಂ.ಮೀ. ಅದರ ಮೇಲೆ ನಡುವಿನಿಂದ 25 ಸೆಂ.ಮೀ. ದೂರದಲ್ಲಿ 20 ಡಿಗ್ರಿಗೊಂದರಂತೆ 18 ಹಕ್ಕಿಗಳು. ತಟ್ಟೆ ನಿಮಿಷಕ್ಕೆ 40 ಸುತ್ತು ತಿರುಗಿದರೆ ಯಾವುದೇ ಒಂದು ಬಿಂದುವನ್ನು ಸೆಕೆಂಡಿಗೆ 12 ಹಕ್ಕಿಗಳು ದಾಟುತ್ತವೆ. ಪ್ರತಿ ಹಕ್ಕಿಯೂ ಹಿಂದಿನದರ ಜಾಗಕ್ಕೆ ಸರಿಯಾಗಿ ಬಂದು ಕೂರುವ ಕ್ಷಣದಲ್ಲಿ ದೀಪ ಮಿಂಚಿದರೆ, ಕಣ್ಣಿಗೆ ಹಕ್ಕಿಗಳು ನಿಂತಲ್ಲೇ ನಿಂತು ಭಂಗಿ ಬದಲಿಸಿದಂತೆ ಕಾಣುತ್ತದೆ. ರೆಕ್ಕೆ ಬಡಿತದ ಒಂದು ಆವರ್ತಕ್ಕೆ 9 ಭಂಗಿಗಳು, ಹಾಗಾಗಿ ತಟ್ಟೆಯ ಮೇಲೆ ಎರಡು ಆವರ್ತ. ಒಂದು ಬಡಿತಕ್ಕೆ ಮುಕ್ಕಾಲು ಸೆಕೆಂಡು ಹಿಡಿಯುತ್ತದೆ. ನಿಜವಾದ ಬೆಳ್ಳಕ್ಕಿಯ ರೆಕ್ಕೆ ಇದಕ್ಕಿಂತ ಬೇಗ ಬಡಿಯುತ್ತದೆ, ಆದರೆ ಪ್ರದರ್ಶನದಲ್ಲಿ ಈ ನಿಧಾನವೇ ಹಿತ.

ಭಂಗಿಗಳನ್ನು ಜೋಡಿಸುವ ದಿಕ್ಕನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಟ್ಟೆ ತಿರುಗುವುದಾದರೆ ಮುಂದಿನ ಭಂಗಿ ಅದರ ಎದುರು ದಿಕ್ಕಿನ ಪಕ್ಕದಲ್ಲಿರಬೇಕು. ಇಲ್ಲವಾದರೆ ಹಕ್ಕಿ ರೆಕ್ಕೆಯನ್ನು ಹಿಂದುಮುಂದಾಗಿ ಬಡಿಯುತ್ತದೆ. ಸಾಮಾನ್ಯ ನೋಡುಗರಿಗೆ ಅದು ಗೊತ್ತಾಗದೆಯೂ ಹೋಗಬಹುದು, ಹಕ್ಕಿ ನೋಡುವ ಹವ್ಯಾಸವಿದ್ದವರು ಮಾತ್ರ ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಹಕ್ಕಿಗಳು

ಫೋನಿನಲ್ಲಿ ಸೆಕೆಂಡಿಗೆ 240 ಚೌಕಟ್ಟುಗಳ ನಿಧಾನಗತಿಯಲ್ಲಿ ಬೆಳ್ಳಕ್ಕಿಯ ಹಾರಾಟವನ್ನು ಹಿಡಿದು ಗೆರೆಚಿತ್ರ ಮಾಡಿಕೊಂಡೆ. ರೆಕ್ಕೆ ಕೆಳಗಿಳಿಯುವಾಗ ಪೂರ್ತಿ ಚಾಚಿರುತ್ತದೆ, ಮೇಲೇರುವಾಗ ಮಣಿಕಟ್ಟಿನಲ್ಲಿ ಮಡಿಚಿಕೊಂಡಿರುತ್ತದೆ. ಈ ಮಡಿಕೆಯನ್ನು ಬಿಟ್ಟುಬಿಟ್ಟರೆ ಹಕ್ಕಿ ಹಾರುವುದಿಲ್ಲ, ಬೀಸಣಿಗೆ ಬೀಸುತ್ತದೆ. ಭುಜದ ಕೋನಗಳನ್ನು ಸಮತಲದಿಂದ ಹೀಗೆ ಇಟ್ಟುಕೊಂಡೆ: ಇಳಿಯುವಾಗ ಮೇಲಕ್ಕೆ 50, 38, 8 ಡಿಗ್ರಿ, ಅನಂತರ ಕೆಳಕ್ಕೆ 22, 35, ಏರುವಾಗ ಕೆಳಕ್ಕೆ 30, 5, ಅನಂತರ ಮೇಲಕ್ಕೆ 22, 42. ತುದಿಗಳಲ್ಲಿ ಕೋನಗಳು ಒತ್ತೊತ್ತಾಗಿ, ನಡುವೆ ದೂರದೂರವಾಗಿ ಇರುವುದನ್ನು ಗಮನಿಸಬೇಕು. ಸಮಾನ ಅಂತರದ ಕೋನ ಕೊಟ್ಟರೆ ರೆಕ್ಕೆ ಮೇಲೂ ಕೆಳಗೂ ಗೋಡೆಗೆ ಬಡಿದು ಹಿಂತಿರುಗಿದಂತೆ ಕಾಣುತ್ತದೆ. ಮಣಿಕಟ್ಟಿನ ಮಡಿಕೆ ಇಳಿಯುವಾಗ ಸೊನ್ನೆ, ಏರುವಾಗ ಕ್ರಮವಾಗಿ 25, 50, 40, 15 ಡಿಗ್ರಿ. ರೆಕ್ಕೆ ಗಾಳಿಯನ್ನು ಒತ್ತಿದಾಗ ಮೈ ಮೇಲೇಳುತ್ತದೆ, ಎತ್ತಿದಾಗ ತುಸು ಇಳಿಯುತ್ತದೆ. ಇದಕ್ಕಾಗಿ ಹಕ್ಕಿಗಳ ಕಡ್ಡಿಯ ಎತ್ತರದಲ್ಲಿ ಒಟ್ಟು 4 ಮಿ.ಮೀ. ವ್ಯತ್ಯಾಸವಿಟ್ಟೆ. ಅಷ್ಟು ಅಲ್ಪ ಅಂತರವೇ ಹಕ್ಕಿಗೆ ತೂಕ ಬಂದಂತೆ ಮಾಡುತ್ತದೆ.

ಶಿಲ್ಪಿಯ ಕೈಗೆ ಇಲ್ಲೊಂದು ಕಟ್ಟುಪಾಡಿದೆ. ಹದಿನೆಂಟನ್ನೂ ಬೇರೆಬೇರೆಯಾಗಿ ಕೈಯಲ್ಲೇ ತಿದ್ದಿದರೆ ಪ್ರತಿ ಕೊಕ್ಕೂ ಕೂದಲೆಳೆಯಷ್ಟು ಬೇರೆಯಾಗುತ್ತದೆ, ಮಿಂಚಿನ ಬೆಳಕಿನಲ್ಲಿ ಆ ವ್ಯತ್ಯಾಸವೆಲ್ಲ ಒಟ್ಟುಗೂಡಿ ಹಕ್ಕಿಯ ತಲೆ ಕುದಿಯುತ್ತಿರುವಂತೆ ಕಾಣುತ್ತದೆ. ಸುಟ್ಟ ಮಣ್ಣು ಒಣಗುವಾಗಲೂ ಸುಡುವಾಗಲೂ ಒಂದೇ ಸಮನಾಗಿ ಕುಗ್ಗುವುದಿಲ್ಲವಾದ್ದರಿಂದ ಅದನ್ನೂ ಕೈಬಿಟ್ಟೆ. ಆದ್ದರಿಂದ ಮೈಯನ್ನು ಒಂದೇ ಬಾರಿ ಮೇಣದಲ್ಲಿ ತಿದ್ದಿ, ಸಿಲಿಕೋನ್ ರಬ್ಬರಿನ ಎರಡು ಹೋಳಿನ ಅಚ್ಚು ಮಾಡಿ, ಪಾಲಿಯೆಸ್ಟರ್ ರೆಸಿನ್ನಿಗೆ ಫ್ರೆಂಚ್ ಚಾಕ್ ಬೆರೆಸಿ ಎರಕ ಹೊಯ್ದೆ. ಹಾರುವಾಗ ಬೆಳ್ಳಕ್ಕಿ ಕತ್ತನ್ನು ಒಳಕ್ಕೆಳೆದುಕೊಂಡು ಕಾಲನ್ನು ಹಿಂದಕ್ಕೆ ಚಾಚುವುದರಿಂದ ಆಕೃತಿ ಚಿಕ್ಕದಾಗಿ ಒಗ್ಗೂಡಿ ಬರುತ್ತದೆ. ಅಕ್ಕಪಕ್ಕದ ಹಕ್ಕಿಗಳ ನಡುವೆ ಇರುವುದು 87 ಮಿ.ಮೀ. ಮಾತ್ರ, ಆದ್ದರಿಂದ ಕೊಕ್ಕಿನಿಂದ ಕಾಲಿನವರೆಗೆ 75 ಮಿ.ಮೀ. ದಾಟದಂತೆ ನೋಡಿಕೊಂಡೆ.

ರೆಸಿನ್ ಕೆಲಸ ಹೊಸದಾಗಿ ಮಾಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯಲ್ಲಿ ರೆಸಿನ್ ಜೊತೆಗೆ ಕೊಡುವ ಕೋಬಾಲ್ಟ್ ಆ್ಯಕ್ಸಿಲರೇಟರನ್ನೂ ಪೆರಾಕ್ಸೈಡ್ ಕ್ಯಾಟಲಿಸ್ಟನ್ನೂ ಎಂದಿಗೂ ಒಂದಕ್ಕೊಂದು ನೇರವಾಗಿ ಬೆರೆಸಬಾರದು. ಅದು ಬೆಂಕಿಗೂ ಸ್ಫೋಟಕ್ಕೂ ದಾರಿ. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದನ್ನು ಹಾಕಬೇಕು. ಕೆಲಸ ಗಾಳಿಯಾಡುವ ಜಾಗದಲ್ಲೇ ಆಗಬೇಕು.

ರೆಕ್ಕೆಗಳು ಅರ್ಧ ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡಿನವು. ಒಂದೇ ಮಾದರಿಯಿಂದ ಎಲ್ಲವನ್ನೂ ಕತ್ತರಿಸಿ, ಪ್ರತಿ ಭಂಗಿಯ ಕೋನಕ್ಕೆ ಕೊರೆದ ಮರದ ತುಂಡಿನ ಮೇಲೆ ಒತ್ತಿ ಬಗ್ಗಿಸಿ, ಭುಜದ ಸಂದನ್ನು ಎಂ-ಸೀಲ್‌ನಿಂದ ತುಂಬಿ ನಯಗೊಳಿಸಿದೆ. ಗರಿಗಳ ಗೆರೆ ಕೆತ್ತುವ ಆಸೆಯನ್ನು ತಡೆದುಕೊಂಡೆ, ಏಕೆಂದರೆ ಹದಿನೆಂಟು ಹಕ್ಕಿಗಳ ರೆಕ್ಕೆಗಳಲ್ಲಿ ಗೆರೆ ಒಂದೇ ಕಡೆ ಬೀಳುವುದು ಸಾಧ್ಯವಿಲ್ಲ. ಹಕ್ಕಿಗಳಿಗೆ ಹೊಳಪಿಲ್ಲದ ಬಿಳಿ, ಅವುಗಳನ್ನು ಹೊತ್ತ 3 ಮಿ.ಮೀ. ಉಕ್ಕಿನ ಕಡ್ಡಿಗೂ ತಟ್ಟೆಗೂ ಕಪ್ಪುಹಲಗೆಗೆ ಬಳಿಯುವ ಬಣ್ಣ.

ತಟ್ಟೆ ಮತ್ತು ತಿರುಗಣೆ

ಹಕ್ಕಿಗಳ ರಂಧ್ರಗಳನ್ನೂ ಬೆಳಕಿಗೆ ಸೂಚನೆ ಕೊಡುವ ಸೀಳುಗಳನ್ನೂ 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಲೇಸರ್‌ನಿಂದ ಒಂದೇ ಬಾರಿಗೆ ಕತ್ತರಿಸಿಕೊಂಡೆ. ಎರಡೂ ಒಂದೇ ಕಡತದಿಂದ ಬಂದದ್ದರಿಂದ ಅವುಗಳ ನಡುವಿನ ಕೋನದ ಬಗ್ಗೆ ಮತ್ತೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೈವಾರದಿಂದ ಸುತ್ತಲೂ ಗುರುತು ಹಾಕುತ್ತ ಹೋದರೆ ಪ್ರತಿ ಹೆಜ್ಜೆಯ ಅಲ್ಪ ತಪ್ಪು ಕೂಡಿಕೊಂಡು ಕೊನೆಯ ಹಕ್ಕಿಯ ತಲೆಗೆ ಬರುತ್ತದೆ. ಅಕ್ರಿಲಿಕ್ಕನ್ನು 12 ಮಿ.ಮೀ. ಪ್ಲೈವುಡ್ಡಿಗೆ ಬಿಗಿದು, ಸೀಳುಗಳಿರುವ ಅಂಚು ಹೊರಕ್ಕೆ ಚಾಚಿರುವಂತೆ ಪ್ಲೈವುಡ್ಡನ್ನು ತುಸು ಚಿಕ್ಕದಾಗಿ ಕತ್ತರಿಸಿದೆ.

ಸೀಳುಗಳನ್ನು ನಡುವಿನ ಬಳಿ ಇಟ್ಟರೆ, ಸೀಳು ದಾಟುವುದನ್ನು ಅವಕೆಂಪು ಕಿರಣದಿಂದ ಗುರುತಿಸುವ ಸೆನ್ಸರನ್ನು ಅಡಗಿಸುವುದು ಸುಲಭ, ಆದರೆ 10 ಸೆಂ.ಮೀ. ತ್ರಿಜ್ಯದಲ್ಲಿ 0.1 ಮಿ.ಮೀ. ತಪ್ಪಾದರೆ ಹಕ್ಕಿ ಇರುವ 25 ಸೆಂ.ಮೀ. ತ್ರಿಜ್ಯದಲ್ಲಿ ಅದು ಎರಡೂವರೆ ಪಟ್ಟು ಬೆಳೆದಿರುತ್ತದೆ. ಆದ್ದರಿಂದ ಸೀಳುಗಳು 28 ಸೆಂ.ಮೀ. ತ್ರಿಜ್ಯದಲ್ಲಿ, ಅಂಚಿನಲ್ಲೇ ಇವೆ. ಇನ್ನೊಂದು ಮಾತು: ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಅಕ್ರಿಲಿಕ್ ಹಾಳೆಗಳ ಮೂಲಕ ಅವಕೆಂಪು ಕಿರಣ ಸಲೀಸಾಗಿ ಹಾಯುತ್ತದೆ, ಸೆನ್ಸರಿಗೆ ಆ ಹಾಳೆ ಇದ್ದೂ ಇಲ್ಲದಂತೆ. ಸೀಳುಗಳ ನಡುವಿನ ಅಂಚಿಗೆ ಅಲ್ಯುಮಿನಿಯಂ ಫಾಯಿಲ್ ಟೇಪ್ ಸುತ್ತಿದರೆ ಅನುಮಾನಕ್ಕೆ ಎಡೆಯಿಲ್ಲ.

ಶಾಫ್ಟ್ 12 ಮಿ.ಮೀ. ಉಕ್ಕು, ಲೇತ್‌ನಲ್ಲಿ ಕಡೆಸಿದ ಹೌಸಿಂಗಿನಲ್ಲಿ 12 ಸೆಂ.ಮೀ. ಅಂತರದಲ್ಲಿ ಎರಡು 6201 ಬೇರಿಂಗುಗಳು. ಬೇರಿಂಗುಗಳ ನಡುವಿನ ಈ ಅಂತರದಲ್ಲಿ ಜಿಪುಣತನ ಮಾಡಿದರೆ ತಟ್ಟೆಯ ಓಲಾಟ ಹೆಚ್ಚುತ್ತದೆ. ನಿಮಿಷಕ್ಕೆ 200 ಸುತ್ತಿನ 12 ವೋಲ್ಟ್ ಗೇರ್ ಮೋಟಾರು 30 ಮಿ.ಮೀ. ಪುಲ್ಲಿಯಿಂದ 150 ಮಿ.ಮೀ. ಪುಲ್ಲಿಯನ್ನು ಹೊಲಿಗೆ ಯಂತ್ರದ ದುಂಡು ಬೆಲ್ಟಿನ ಮೂಲಕ ತಿರುಗಿಸುತ್ತದೆ. ಬೆಲ್ಟ್ ಆರಿಸಿದ್ದು ಸದ್ದಿಗಾಗಿ. ಗೇರನ್ನು ನೇರವಾಗಿ ಕಚ್ಚಿಸಿದರೆ ಹಲ್ಲಿನ ಗರಗರ ಸದ್ದು ಪ್ಲೈವುಡ್ಡಿನಲ್ಲಿ ತಮಟೆಯಂತೆ ಮೊಳಗುತ್ತದೆ.

ಮೊದಲ ಜೋಡಣೆಯಲ್ಲಿ ಡಯಲ್ ಗೇಜ್ ಇಟ್ಟು ನೋಡಿದಾಗ ಅಂಚು ಒಂದು ಸುತ್ತಿಗೆ 1.5 ಮಿ.ಮೀ. ಏರಿಳಿಯುತ್ತಿತ್ತು. ಪ್ಲೈವುಡ್ ಎಂದ ಮೇಲೆ ಅಷ್ಟು ಡೊಂಕು ಇದ್ದದ್ದೇ. ಬರಿಗಣ್ಣಿಗೆ ಅದು ಕಾಣದು, ಮಿಂಚಿನ ಬೆಳಕಿನಲ್ಲಿ ಮಾತ್ರ ಪ್ರತಿ ಹಕ್ಕಿಯೂ ಒಂದೂವರೆ ಸೆಕೆಂಡಿಗೊಮ್ಮೆ ದೋಣಿಯಲ್ಲಿರುವಂತೆ ಎದ್ದು ಮುಳುಗುತ್ತದೆ. ರೆಕ್ಕೆ ಬಡಿತದ ತಾಳ ಬೇರೆ, ಈ ತಾಳ ಬೇರೆ. ಶಾಫ್ಟಿನ ಫ್ಲೇಂಜಿಗೂ ತಟ್ಟೆಗೂ ನಡುವೆ ಮೂರು ತಿರುಪುಗಳನ್ನು ಇಟ್ಟು, ಗೇಜಿನ ಮುಳ್ಳು ನೋಡುತ್ತ ತಿರುಗಿಸಿ 0.2 ಮಿ.ಮೀ.ಗೆ ಇಳಿಸಿದೆ. ತೂಕದ ಸಮತೋಲನಕ್ಕೆ ತಟ್ಟೆಯ ಅಡಿಯಲ್ಲಿ ಹಗುರವಾದ ಬದಿಗೆ ವಾಷರುಗಳನ್ನು ಅಂಟಿಸಿದರೆ ಸಾಕು.

ಬೆಳಕು

ಈ ಕೆಲಸದ ಜೀವವಿರುವುದು ಬೆಳಕಿನಲ್ಲಿ. ಮೋಟಾರಿನ ವೇಗ ಇಷ್ಟು, ದೀಪದ ವೇಗ ಇಷ್ಟು ಎಂದು ಎರಡನ್ನೂ ಬೇರೆಬೇರೆಯಾಗಿ ಹೊಂದಿಸುವ ಯತ್ನ ಗ್ಯಾಲರಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಲ್ಟ್ ಬಿಸಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಹಕ್ಕಿಗಳೆಲ್ಲ ಮೆಲ್ಲಗೆ ಒಂದು ಕಡೆಗೆ ಜಾರತೊಡಗುತ್ತವೆ. ದೀಪಕ್ಕೆ ಯಾವಾಗ ಮಿಂಚಬೇಕೆಂದು ಹೇಳಬೇಕಾದದ್ದು ತಟ್ಟೆಯೇ. ಒಂದು ಸೀಳು ಸೆನ್ಸರನ್ನು ದಾಟಿದಾಗ ಒಂದು ಮಿಂಚು. ಮೋಟಾರು ನಿಧಾನವಾದರೆ ಹಾರಾಟವೂ ನಿಧಾನವಾಗುತ್ತದೆಯೇ ಹೊರತು ಹಕ್ಕಿ ಜಾಗ ಬಿಟ್ಟು ಕದಲುವುದಿಲ್ಲ.

ಎಷ್ಟು ಹೊತ್ತು ಮಿಂಚಬೇಕು? ಹಕ್ಕಿಯ ಮೈ ಸೆಕೆಂಡಿಗೆ 1.05 ಮೀಟರ್ ವೇಗದಲ್ಲಿ ಓಡುತ್ತಿದೆ, ಹೊರಗಿನ ರೆಕ್ಕೆಯ ತುದಿ ಸುಮಾರು 1.34 ಮೀಟರ್ ವೇಗದಲ್ಲಿ. ಒಂದು ಮಿಲಿಸೆಕೆಂಡು ಬೆಳಕು ಬಿದ್ದರೆ ರೆಕ್ಕೆಯ ತುದಿ 1.34 ಮಿ.ಮೀ. ಉಜ್ಜಿದಂತೆ ಮಸುಕಾಗುತ್ತದೆ, 0.3 ಮಿಲಿಸೆಕೆಂಡಿಗೆ ಇಳಿಸಿದರೆ ಮಸುಕು 0.4 ಮಿ.ಮೀ. ಮಾತ್ರ, ಅಂಚು ಕತ್ತರಿಸಿದಂತೆ ಕಾಣುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯಿದೆ. ಸೆಕೆಂಡಿಗೆ 12 ಬಾರಿ 0.3 ಮಿಲಿಸೆಕೆಂಡು ಎಂದರೆ ದೀಪ ಉರಿಯುವುದು ಸೆಕೆಂಡಿನಲ್ಲಿ 3.6 ಮಿಲಿಸೆಕೆಂಡು ಮಾತ್ರ, ಅಂದರೆ 100 ವಾಟಿನ ದೀಪ ಸರಾಸರಿಯಲ್ಲಿ 0.36 ವಾಟಿನ ದೀಪವಾಗುತ್ತದೆ. ಹಕ್ಕಿ ಬೆಳ್ಳಗಿರಲೇಬೇಕು ಎಂದದ್ದು ಇದಕ್ಕಾಗಿ. ಮಿಂಚುಳ್ಳಿಯ ನೀಲಿ ಈ ಬೆಳಕಿನಲ್ಲಿ ಕಪ್ಪೇ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈಗ ಹೆಚ್ಚಾಗಿ ಸಿಗುವ 50 ವಾಟಿನ ಸಿಒಬಿ ಎಲ್‌ಇಡಿಗಳು (ಒಂದೇ ಹಲಗೆಯ ಮೇಲೆ ಹಲವು ಎಲ್‌ಇಡಿ ಚಿಪ್ಪುಗಳಿರುವಂಥವು) ನೇರವಾಗಿ 220 ವೋಲ್ಟಿಗೆ ಹಾಕುವಂಥವು, ಕರೆಂಟನ್ನು ಹೊಂದಿಸುವ ಡ್ರೈವರ್ ಅವುಗಳ ಮೇಲೆಯೇ ಇರುತ್ತದೆ. ಅವು ಈ ಕೆಲಸಕ್ಕೆ ಬಾರವು. 30ರಿಂದ 34 ವೋಲ್ಟಿನ ಡಿಸಿ ಎಲ್‌ಇಡಿಯನ್ನೇ ಕೇಳಿ ಪಡೆಯಬೇಕು. ಅಂಥ ಎರಡನ್ನು ತೆಗೆದುಕೊಂಡು, ಒಂದೊಂದಕ್ಕೂ 2.2 ಓಮ್‌ನ ರೆಸಿಸ್ಟರು, ಪಕ್ಕದಲ್ಲೇ 2200 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿ, ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ ಟ್ರಾನ್ಸಿಸ್ಟರಿನಿಂದ ಎರಡನ್ನೂ ಹೊತ್ತಿಸಿ ಆರಿಸುತ್ತೇನೆ. 36 ವೋಲ್ಟಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆ ಪೆಟ್ಟಿಗೆಯಿಂದ ಕೆಪಾಸಿಟರುಗಳಿಗೆ ವಿದ್ಯುತ್ ಹೋಗುವ ದಾರಿಯಲ್ಲಿ 47 ಓಮ್‌ನ 10 ವಾಟ್ ರೆಸಿಸ್ಟರಿದೆ. ಮಿಂಚಿಗೆ ಬೇಕಾದ ಕರೆಂಟು ಕೆಪಾಸಿಟರಿನಿಂದ ಬರುತ್ತದೆ. ಸರಾಸರಿ ಕರೆಂಟು ಸುಮಾರು 11 ಮಿಲಿಆಂಪಿಯರ್ ಮಾತ್ರವಾದ್ದರಿಂದ ಈ ರೆಸಿಸ್ಟರು ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಎಂದಾದರೂ ಮಾಸ್ಫೆಟ್ ಕೆಟ್ಟು ದೀಪ ಹೊತ್ತಿಕೊಂಡೇ ಉಳಿದರೆ, ಇದೇ ರೆಸಿಸ್ಟರು ಕರೆಂಟನ್ನು ಹಿಡಿದು ಎಲ್‌ಇಡಿಯನ್ನು ಮಂದವಾಗಿ ಉರಿಸುತ್ತದೆ, ಸುಡಲು ಬಿಡುವುದಿಲ್ಲ. ಸಾರ್ವಜನಿಕರ ನಡುವೆ ದಿನವಿಡೀ ಓಡುವ ಯಂತ್ರಕ್ಕೆ ಈ ಬಗೆಯ ಕಾವಲು ಪ್ರೋಗ್ರಾಮಿನೊಳಗೆ ಇರುವುದಕ್ಕಿಂತ ತಂತಿಯಲ್ಲೇ ಇರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅದೇ ಕಾರಣಕ್ಕೆ ಮೈಕ್ರೋಕಂಟ್ರೋಲರ್ ಬಳಸದೆ 555 ಎಂಬ ಟೈಮರ್ ಐಸಿಯನ್ನು, ಒಂದು ಸೂಚನೆಗೆ ಒಮ್ಮೆ ಮಾತ್ರ ಮಿಡಿಯುವ ವಿಧಾನದಲ್ಲಿ ಕಟ್ಟಿದೆ. 10 ನ್ಯಾನೋಫ್ಯಾರಡ್ ಕೆಪಾಸಿಟರಿಗೆ 4.7 ಕಿಲೋಓಮ್ ರೆಸಿಸ್ಟರೂ 100 ಕಿಲೋಓಮ್ ಪೊಟೆನ್ಶಿಯೋಮೀಟರೂ ಸರಣಿಯಲ್ಲಿದ್ದರೆ ಮಿಂಚಿನ ಅವಧಿಯನ್ನು ಸುಮಾರು 0.05ರಿಂದ 1.15 ಮಿಲಿಸೆಕೆಂಡಿನವರೆಗೆ ಗುಂಡಿ ತಿರುಗಿಸಿ ಹೊಂದಿಸಬಹುದು. ಕೋಣೆಯ ಕತ್ತಲೆಗೆ ತಕ್ಕಂತೆ ಮಸುಕಿಗೂ ಬೆಳಕಿಗೂ ಅಲ್ಲೇ ರಾಜಿ ಮಾಡಿಸಬಹುದು.

ಹೊತ್ತಿಸಿದಾಗ ಹಕ್ಕಿಗಳು ನಿಂತವು, ರೆಕ್ಕೆಯೂ ಬಡಿಯಿತು, ಆದರೆ ಪ್ರತಿ ಕೊಕ್ಕಿನ ಮುಂದೆಯೂ ಇನ್ನೊಂದು ತೆಳು ಕೊಕ್ಕು ಕಾಣುತ್ತಿತ್ತು. ಒಂದೇ ಹಕ್ಕಿಯ ನೆರಳೇ ಎದ್ದು ಮುಂದೆ ನಿಂತಂತೆ, ಬಿಟ್ಟು ಬಿಟ್ಟು ಬರುವ ದೆವ್ವದ ರೂಪ. ಅದರ ದೂರವನ್ನು ಅಳೆದಾಗ 2 ಮಿ.ಮೀ.ಗಿಂತ ಚೂರು ಕಡಿಮೆಯಿತ್ತು. ಸೀಳಿನ ಅಗಲ 2 ಮಿ.ಮೀ.; ಅಂಚಿನ ಅಷ್ಟು ಚಲನೆ ಹಕ್ಕಿಯ ತ್ರಿಜ್ಯಕ್ಕೆ ಇಳಿದಾಗ 1.8 ಮಿ.ಮೀ. ಆಗುತ್ತದೆ. ಅಂದರೆ ಸೀಳಿನ ಮೊದಲ ಅಂಚಿಗೆ ಒಂದು ಮಿಂಚು ಬಂದು, ಅದು ಮುಗಿದ ಮೇಲೆ ಎರಡನೆಯ ಅಂಚು ದಾಟುವಾಗ ಸೆನ್ಸರಿನ ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜುಗಳನ್ನು ಹೋಲಿಸಿ ಸೂಚನೆ ಕೊಡುವ ಐಸಿ) ನಡುಗಿ ಇನ್ನೊಂದು ಮಿಂಚನ್ನು ಎಬ್ಬಿಸುತ್ತಿತ್ತು. ಎರಡನೆಯ 555ನ್ನು ಸೇರಿಸಿ, ಒಂದು ಮಿಂಚಾದ ಮೇಲೆ 43 ಮಿಲಿಸೆಕೆಂಡು ಯಾವ ಸೂಚನೆಯೂ ಒಳಗೆ ಬಾರದಂತೆ ಬಾಗಿಲು ಹಾಕಿದೆ. ಅದಕ್ಕೆ ಹಾಕಿದ್ದು 390 ಕಿಲೋಓಮ್ ರೆಸಿಸ್ಟರು, 0.1 ಮೈಕ್ರೋಫ್ಯಾರಡ್ ಕೆಪಾಸಿಟರು. ಎರಡು ಸೀಳುಗಳ ನಡುವಿನ ಕಾಲ 83 ಮಿಲಿಸೆಕೆಂಡಾದ್ದರಿಂದ ಮುಂದಿನ ಮಿಂಚಿಗೆ ಅಡ್ಡಿಯಿಲ್ಲ. ತೆಳು ಕೊಕ್ಕು ಮಾಯವಾಯಿತು.

ಪ್ರದರ್ಶನಕ್ಕೆ ಅಣಿಗೊಳಿಸುವುದು

ಸೆಕೆಂಡಿಗೆ 12 ಬಾರಿ ಮಿಂಚುವ ಬೆಳಕು ಬೆಳಕಿನಿಂದ ಅಪಸ್ಮಾರ ಕೆರಳುವ ಕೆಲವರಿಗೆ ನಿಜಕ್ಕೂ ಅಪಾಯಕಾರಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚಿನ ಮಿಂಚುಗಳೆಲ್ಲ ಎಚ್ಚರಿಕೆಯ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ಫಲಕವನ್ನು ಯಂತ್ರದ ಪಕ್ಕದಲ್ಲಲ್ಲ, ಕೋಣೆಯ ಬಾಗಿಲ ಹೊರಗೆ, ಬೆಳಕು ಕಣ್ಣಿಗೆ ಬೀಳುವ ಮುನ್ನವೇ ಓದಲು ಸಿಗುವಂತೆ ಹಾಕಬೇಕು. ಯಂತ್ರ ತಾನಾಗಿ ಓಡದೆ, ನೋಡುಗರು ಗುಂಡಿ ಒತ್ತಿದರೆ ಒಂದು ನಿಮಿಷ ಓಡಿ ನಿಲ್ಲುವಂತೆ ಟೈಮರನ್ನೂ ಇಟ್ಟೆ. ಇದರಿಂದ ಮೋಟಾರಿಗೂ ಉಪಕಾರವಾಗಿದೆ: ಎಂಟು ಗಂಟೆ ಎಡೆಬಿಡದೆ ಓಡಿದರೆ ತಟ್ಟೆ 19,200 ಸುತ್ತು ತಿರುಗುತ್ತದೆ, ಮೋಟಾರಿನದು ಅದರ ಐದರಷ್ಟು. ಬೇರಿಂಗಿಗೆ ಅದು ಲೆಕ್ಕಕ್ಕಿಲ್ಲ, ಅಗ್ಗದ ಗೇರ್ ಮೋಟಾರಿನ ಬ್ರಷ್ಷಿಗೆ ಲೆಕ್ಕಕ್ಕಿದೆ.

ಕೋಣೆ ಕತ್ತಲಾಗಿರಬೇಕು ಎಂದು ಗ್ಯಾಲರಿಯವರಿಗೆ ಹೇಳಿದರೆ ಅವರು ದೀಪ ಆರಿಸುತ್ತಾರೆ, ತುರ್ತು ದ್ವಾರದ ಹಸಿರು ಫಲಕವನ್ನು ಮಾತ್ರ ಆರಿಸುವಂತಿಲ್ಲ, ಆರಿಸಲೂಬಾರದು. ಆ ಸ್ಥಿರ ಬೆಳಕು ಹಕ್ಕಿಗಳ ಮೇಲೆ ಬಿದ್ದರೆ ತಟ್ಟೆಯ ಸುತ್ತ ಹಸಿರು ಮಸುಕಿನ ಪಟ್ಟಿ ಕಾಣುತ್ತದೆ. ಯಂತ್ರದ ಮೂರು ಬದಿಗೂ ಮೇಲಕ್ಕೂ ಒಳಗೆಲ್ಲ ಕಪ್ಪು ಬಟ್ಟೆ ಹೊದಿಸಿದ ಗೂಡು ಮಾಡಿ, ಅದರ ಬಾಯಿ ಫಲಕಕ್ಕೆ ಬೆನ್ನು ಹಾಕುವಂತೆ ನಿಲ್ಲಿಸುವುದೇ ಸರಿಯಾದ ಪರಿಹಾರ. ಮುಂದಿನ ಬಾಯಿಗೆ ಅಕ್ರಿಲಿಕ್ ಗಾಜು ಬೇಕೇಬೇಕು. ನಿಂತಂತೆ ಕಾಣುವ ಹಕ್ಕಿಯನ್ನು ಹಿಡಿಯಲು ಮಕ್ಕಳು ಕೈ ಚಾಚದೆ ಇರುವುದಿಲ್ಲ, ದೊಡ್ಡವರೂ ಇರುವುದಿಲ್ಲ.

ವಿಡಿಯೊ ಮಾಡಲು ಹೋದವರಿಗೆ ಫೋನಿನಲ್ಲಿ ಕಪ್ಪು ಪಟ್ಟೆಗಳು ಮಾತ್ರ ಸಿಗುತ್ತವೆ, ಏಕೆಂದರೆ ಫೋನಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, 0.3 ಮಿಲಿಸೆಕೆಂಡಿನ ಮಿಂಚು ಆ ಕ್ಷಣದಲ್ಲಿ ಬೆಳಕಿಗೆ ತೆರೆದಿದ್ದ ಸಾಲುಗಳಿಗಷ್ಟೇ ಸಿಕ್ಕುತ್ತದೆ. ದಾಖಲೆಗೆ ಬೇರೆ ದಾರಿ ಹಿಡಿಯಬೇಕು: ಸ್ಟ್ರೋಬ್ ಆರಿಸಿ, ಎಡೆಬಿಡದೆ ಉರಿಯುವ ಪ್ರಖರ ದೀಪ ಹಾಕಿ, ಷಟರನ್ನು 1/4000 ಸೆಕೆಂಡಿಗೆ ಇಳಿಸಿ, ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರೀಕರಿಸುವುದಾದರೆ ತಟ್ಟೆಯನ್ನು ನಿಮಿಷಕ್ಕೆ 80 ಸುತ್ತಿಗೆ ಏರಿಸಬೇಕು. ಇದಕ್ಕಾಗಿ ಇಮ್ಮಡಿ ವ್ಯಾಸದ ಮೋಟಾರ್ ಪುಲ್ಲಿಯನ್ನೂ ಉದ್ದದ ಇನ್ನೊಂದು ಬೆಲ್ಟನ್ನೂ ಇಟ್ಟುಕೊಂಡಿದ್ದೇನೆ. ಆಗ ಕ್ಯಾಮೆರಾವೇ ಸ್ಟ್ರೋಬಿನ ಕೆಲಸ ಮಾಡುತ್ತದೆ. ಜಾನ್ ಎಡ್‌ಮಾರ್ಕ್ ಅವರ ‘ಬ್ಲೂಮ್ಸ್’ ಶಿಲ್ಪಗಳೂ ಹೀಗೆ ಸ್ಟ್ರೋಬಿನಲ್ಲೂ ಕಿರುಷಟರಿನ ಕ್ಯಾಮೆರಾದಲ್ಲೂ ಅರಳಬಲ್ಲವು. ಅಲ್ಲಿ ಹೆಜ್ಜೆ 20 ಡಿಗ್ರಿಯಲ್ಲ, ಸೂರ್ಯಕಾಂತಿಯ ಬೀಜಗಳ ಜೋಡಣೆಯಲ್ಲಿ ಕಾಣುವ 137.5 ಡಿಗ್ರಿ.

ಯಂತ್ರದ ಜೊತೆ ಕಳಿಸುವ ಪೆಟ್ಟಿಗೆಯಲ್ಲಿ ಬದಲಿ ಬೆಲ್ಟು, ಬದಲಿ ಮೋಟಾರು, ಒಂದು ಸೆನ್ಸರು ಮತ್ತು ಒಂಬತ್ತು ಭಂಗಿಗಳಲ್ಲಿ ತಲಾ ಒಂದು ಹಕ್ಕಿ ಇವೆ. ಕಡ್ಡಿಯ ಬುಡದಲ್ಲಿ ಭಂಗಿಯ ಸಂಖ್ಯೆ ಕೊರೆದಿರುವುದರಿಂದ ಯಾರು ಬೇಕಾದರೂ ಹಕ್ಕಿ ಬದಲಿಸಬಹುದು. ಕಪ್ಪು ತಟ್ಟೆಯ ಮೇಲೆ ಬೀಳುವ ದೂಳು ಮಿಂಚಿನಲ್ಲಿ ನಕ್ಷತ್ರದಂತೆ ಎದ್ದು ಕಾಣುವ ಕಾರಣ, ದಿನಕ್ಕೊಮ್ಮೆ ಒಣ ಬ್ರಷ್ಷಿನಿಂದ ತೆಗೆಯಬೇಕೆಂದೂ ಒದ್ದೆ ಬಟ್ಟೆ ಮುಟ್ಟಿಸಬಾರದೆಂದೂ ಸಿಬ್ಬಂದಿಗೆ ಬರೆದು ಕೊಟ್ಟಿದ್ದೇನೆ. ಕಪ್ಪುಹಲಗೆಯ ಬಣ್ಣಕ್ಕೆ ನೀರು ತಾಗಿದ ಕಡೆ ಕಲೆ ಉಳಿಯುತ್ತದೆ, ಅದನ್ನು ಮುಚ್ಚಲು ಹಕ್ಕಿಗಳನ್ನೆಲ್ಲ ಕಿತ್ತು ಇಡೀ ತಟ್ಟೆಗೆ ಮತ್ತೆ ಬಣ್ಣ ಹಾಕಬೇಕಾಗುತ್ತದೆ.